ಷರತ್ತೆಲ್ಲ ತರುಣನಿಗೆ, ಮಾಲಿಕನಿಗೆ ಏನೂ ಇಲ್ಲವೇ?

ನಿರುದ್ಯೋಗಿ ತರುಣರ ಉದ್ಧಾರಕ್ಕೆಂದು ನಮ್ಮ ದೇಶದಲ್ಲಿ ಯೋಜನೆಗಳಿಗೆ ಬರವಿಲ್ಲ. ಕರ್ನಾಟಕ ಸರಕಾರದ್ದೊಂದು, ಮಹಾರಾಷ್ಟ್ರ ಸರಕಾರದ್ದೊಂದು, ಕೇಂದ್ರ ಸರಕಾರದ್ದು ಮತ್ತೊಂದು. ಒಂದೊಂದರ ಉದ್ಘಾಟನೆಗೂ ಮಂತ್ರಿಗಳ ಭಾಷಣ, ಪತ್ರಿಕೆಗಳಲ್ಲಿ ಪುಟದ ತುಂಬ ಜಾಹೀರಾತು. ಇಷ್ಟಾದರೂ ಸಂಜೆಯ ಹೊತ್ತಿಗೆ ನಮ್ಮ ಸಂಘದ ಬಾಗಿಲಿಗೆ ಬಂದು ನಿಲ್ಲುವ ಹುಡುಗರು ಕಡಿಮೆಯಾಗಿಲ್ಲ. ಒಬ್ಬನ ಕೈಯಲ್ಲಿ ಪದವಿಯ ಕಾಗದ, ಇನ್ನೊಬ್ಬನ ಕೈಯಲ್ಲಿ ತರಬೇತಿ ಮುಗಿಸಿದ ಕಾಗದ, ಮತ್ತೊಬ್ಬನ ಕೈಯಲ್ಲಿ ಏನೂ ಇಲ್ಲ. ಮೂವರೂ ಕೇಳುವುದು ಒಂದೇ ಮಾತು: "ಎಲ್ಲಿಯಾದರೂ ಒಂದು ಕೆಲಸ ಉಂಟೇ?"

ಯೋಜನೆಗಳಿದ್ದೂ ಕೆಲಸವೇಕೆ ಇಲ್ಲ? ಈ ಪ್ರಶ್ನೆಗೆ ದೊಡ್ಡವರು ಕೊಡುವ ಸಿದ್ಧ ಉತ್ತರವೊಂದಿದೆ. ಹುಡುಗರಿಗೆ ದುಡಿಯುವ ಮನಸ್ಸಿಲ್ಲ, ಸರಕಾರದ ಭತ್ಯೆ ತಿಂದು ಸೋಮಾರಿಗಳಾಗಿದ್ದಾರೆ, ಭತ್ಯೆ ನಿಲ್ಲಿಸಿದರೆ ತಾವಾಗಿ ಕೆಲಸಕ್ಕೆ ಹೋಗುತ್ತಾರೆ ಎಂಬುದೇ ಆ ಉತ್ತರ. ನಮ್ಮ ಉತ್ತರ ಬೇರೆ. ಈ ಯೋಜನೆಗಳಲ್ಲಿ ಇರುವ ಷರತ್ತುಗಳೆಲ್ಲ ತರುಣನ ಕೊರಳಿಗೆ ಬಿದ್ದಿವೆ; ಕೆಲಸ ಕೊಡಬೇಕಾದವನ ಮೇಲೆ ಒಂದು ಷರತ್ತೂ ಇಲ್ಲ. ಆ ಕಾರಣದಿಂದಲೇ ಭತ್ಯೆಯಿಂದ ತರಬೇತಿಗೆ, ತರಬೇತಿಯಿಂದ ಕೆಲಸಕ್ಕೆ ಹೋಗುವ ದಾರಿ ನಡುವೆಯೇ ಕಡಿದು ಬೀಳುತ್ತಿದೆ. ಇದನ್ನು ಒಂದೊಂದಾಗಿ ತೋರಿಸುತ್ತೇವೆ.

ಭತ್ಯೆ ತಿಂದು ಕೊಬ್ಬಿದರೇ?

ಮೊದಲು ಸೋಮಾರಿತನದ ಆರೋಪವನ್ನೇ ನೋಡೋಣ. ಕರ್ನಾಟಕ ಸರಕಾರದ ಯುವನಿಧಿಗೆ 2023ರ ಡಿಸೆಂಬರಿನಲ್ಲಿ ನೋಂದಣಿ ಆರಂಭವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಸಂದಾಯಕ್ಕೆ ಚಾಲನೆ ಕೊಟ್ಟರು. ಪದವಿ ಪಡೆದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ. ಉತ್ತೀರ್ಣರಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಮಾತ್ರ. ಅದೂ ಹೆಚ್ಚೆಂದರೆ ಎರಡು ವರ್ಷ.

ಲೆಕ್ಕ ಹಾಕಿರಿ. ಪದವೀಧರನಿಗೆ ದಿನಕ್ಕೆ 100 ರೂಪಾಯಿ, ಡಿಪ್ಲೊಮಾ ಮಾಡಿದವನಿಗೆ 50 ರೂಪಾಯಿ. ಇಷ್ಟರಲ್ಲಿ ಯಾವ ತರುಣ ಕಾಲ ಮೇಲೆ ಕಾಲು ಹಾಕಿ ಕುಳಿತು ಉಂಡಾನು? ಅರ್ಜಿಯ ಶುಲ್ಕ, ಸಂದರ್ಶನಕ್ಕೆ ಹೋಗುವ ಬಸ್ಸಿನ ಛಾರ್ಜು, ಒಗೆದು ಇಸ್ತ್ರಿ ಮಾಡಿದ ಒಂದು ಅಂಗಿ, ಇವಕ್ಕೆ ತಂದೆಯ ಮುಂದೆ ಕೈಯೊಡ್ಡುವ ಅವಮಾನ ತಪ್ಪಿದರೆ ಅದೇ ದೊಡ್ಡದು. ಹೆಣ್ಣುಮಕ್ಕಳ ಪಾಲಿಗಂತೂ ಇದು ಇನ್ನೂ ದೊಡ್ಡದು. ಮನೆಯವರು "ಇನ್ನು ಸಾಕು, ಮದುವೆ ಮಾಡಿಬಿಡೋಣ" ಎನ್ನುವ ಹೊತ್ತಿಗೆ ತನ್ನ ಹೆಸರಿನ ಖಾತೆಗೆ ಬರುವ ಸ್ವಲ್ಪ ಹಣ ಒಬ್ಬ ಹುಡುಗಿಗೆ ಇನ್ನಾರು ತಿಂಗಳು ಕೆಲಸ ಹುಡುಕುವ ಧೈರ್ಯ ಕೊಡಬಲ್ಲದು. ಆದ್ದರಿಂದ ಭತ್ಯೆ ಕೊಡಬಾರದು ಎನ್ನುವವರ ಜೊತೆ ನಾವಿಲ್ಲ. ಬಡ್ಡಿಯ ಹಣದಲ್ಲಿ ಕುಳಿತು ಉಣ್ಣುವವರನ್ನು ಸೋಮಾರಿ ಎನ್ನದ ಸಮಾಜ, ದಿನಕ್ಕೆ 100 ರೂಪಾಯಿ ಪಡೆದ ಹುಡುಗನನ್ನು ಸೋಮಾರಿ ಎನ್ನುವುದು ನಾಚಿಕೆಗೇಡು.

ಆದರೆ ಯುವನಿಧಿಯ ನಿಯಮಗಳನ್ನು ಓದಿದರೆ ಬೇರೊಂದು ದೋಷ ಕಣ್ಣಿಗೆ ಬೀಳುತ್ತದೆ. ತನಗೆ ಇನ್ನೂ ಕೆಲಸವಿಲ್ಲವೆಂದು ಫಲಾನುಭವಿ ಆಗಾಗ ಘೋಷಿಸುತ್ತಿರಬೇಕು. "ನಿನಗೆ ಕೆಲಸ ಸಿಕ್ಕಿಲ್ಲ ತಾನೇ?" ಎಂದು ಸರಕಾರ ತಪ್ಪದೆ ಕೇಳುತ್ತದೆ, "ನಿನಗೆ ಯಾವ ಕೆಲಸ ಬರುತ್ತದೆ, ಯಾವುದನ್ನು ಕಲಿಸಲಿ?" ಎಂದು ಅಷ್ಟೇ ತಪ್ಪದೆ ಕೇಳುವುದಿಲ್ಲ. ಫಲಾನುಭವಿಗಳಿಗೆ ಕೌಶಲ ತರಬೇತಿ ಕೊಡುವ ಮಾತು ಸರಕಾರದಿಂದ ಬಂದಿದೆ, ನಿಜ. ಆದರೆ ಭತ್ಯೆಗೂ ತರಬೇತಿಗೂ ಇರುವ ಸಂಬಂಧವನ್ನು ನೋಡಿರಿ: ಅಪ್ರೆಂಟಿಸ್ ಆಗಿ ವೇತನ ಪಡೆಯತೊಡಗಿದವನು ಯುವನಿಧಿಗೆ ಅರ್ಹನಲ್ಲ. ಅಂದರೆ ಸುಮ್ಮನಿದ್ದವನಿಗೆ ಹಣ ಉಂಟು. ಕಲಿಯಲು ಹೊರಟವನಿಗೆ, ಹೊರಟ ದಿನದಿಂದಲೇ, ಇಲ್ಲ. ಹಳ್ಳಿಯ ಹುಡುಗ ತರಬೇತಿಗಾಗಿ ಬೆಂಗಳೂರಿಗೆ ಬಂದರೆ ಖೋಲಿಗೆ ಠೇವಣಿ ಕಟ್ಟಬೇಕು, ಮೊದಲ ತಿಂಗಳು ಸಾಲ ಮಾಡಿ ಉಣ್ಣಬೇಕು. ಖರ್ಚು ಹೆಚ್ಚುವ ದಿನವೇ ಆಧಾರ ಕಳಚಿ ಬೀಳುತ್ತದೆ. ಹೊಳೆ ದಾಟುವವನಿಗೆ ನಡುನೀರಿನಲ್ಲಿ ಹರಿಗೋಲು ಕಿತ್ತುಕೊಂಡಂತೆ ಆಯಿತಲ್ಲವೇ? ಹುಡುಗ ಹೊರಡಲು ಹಿಂಜರಿದರೆ ಅದು ಸೋಮಾರಿತನವಲ್ಲ, ಲೆಕ್ಕ ಬಲ್ಲವನ ಎಚ್ಚರಿಕೆ.

ತರಬೇತಿಯ ಹೆಸರು, ಕೆಲಸಗಾರನ ದುಡಿಮೆ

ಇನ್ನು ನಾವಿರುವ ಮಹಾರಾಷ್ಟ್ರದ ಕಡೆ ಬರೋಣ. 2024ರ ಜುಲೈಯಲ್ಲಿ ಇಲ್ಲಿನ ಸರಕಾರ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯನ್ನು ತಂದಿತು. ಹನ್ನೆರಡನೆಯ ತರಗತಿ ಪಾಸಾದವರಿಗೆ 6000, ಐ.ಟಿ.ಐ. ಅಥವಾ ಡಿಪ್ಲೊಮಾ ಮಾಡಿದವರಿಗೆ 8000, ಪದವೀಧರರಿಗೆ 10000 ರೂಪಾಯಿ. ಕಚೇರಿಯಲ್ಲಿಯೋ ಕಾರಖಾನೆಯಲ್ಲಿಯೋ ಆರು ತಿಂಗಳ ತರಬೇತಿ. ಕುಳಿತಲ್ಲಿಗೆ ಹಣ ಕೊಡುವುದಕ್ಕಿಂತ ಕೆಲಸದ ಜಾಗಕ್ಕೆ ಕರೆದೊಯ್ಯುವುದು ಮೇಲೆಂದು ಅನೇಕರು ಹೊಗಳಿದರು. ತತ್ತ್ವತಃ ನಾವೂ ಒಪ್ಪುತ್ತೇವೆ.

ಆಚರಣೆಯಲ್ಲಿ ಆದದ್ದೇನು? ಸರಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಗ್ರಾಮಪಂಚಾಯತಿಗಳಲ್ಲಿ ತರುಣರನ್ನು ಕೂರಿಸಿದರು. ಆರು ತಿಂಗಳು ಹನ್ನೊಂದಾಯಿತು. ಹನ್ನೊಂದರ ಮೇಲೆ ಮನೆಗೆ ಹೋಗಿ ಎಂದಾಯಿತು. ತರಬೇತಾದವರು ಮೋರ್ಚಾ ತೆಗೆದು ನಮ್ಮನ್ನು ಖಾಯಂ ಮಾಡಿ ಎಂದು ಕೇಳಿದಾಗ, ನೀವು ನೌಕರರಲ್ಲ, ಪ್ರಶಿಕ್ಷಣಾರ್ಥಿಗಳು ಎಂಬ ಉತ್ತರ ಕಾದಿತ್ತು. ಕಲಿಯುವವನಾಗಿದ್ದರೆ ಕಲಿಸಿದವನು ಯಾರು, ಕಲಿಸಿದ್ದು ಏನು ಎಂದು ತೋರಿಸಬೇಕು. ದುಡಿಯುವವನಾಗಿದ್ದರೆ ಪಗಾರ ಕೊಟ್ಟು ಕೆಲಸದಲ್ಲಿ ಉಳಿಸಬೇಕು. ಕಡತ ಹೊರಿಸುವಾಗ ನೌಕರ, ಕೂಲಿ ಕೊಡುವಾಗ ವಿದ್ಯಾರ್ಥಿ ಎಂದರೆ ಅದು ಯಾವ ನ್ಯಾಯ?

ಕೇಂದ್ರ ಸರಕಾರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಕಥೆಯೂ ಇದೇ. 2024ರ ಬಜೆಟ್ಟಿನಲ್ಲಿ ಐದು ವರ್ಷಕ್ಕೆ ಒಂದು ಕೋಟಿ ತರುಣರಿಗೆ 500 ದೊಡ್ಡ ಕಂಪನಿಗಳಲ್ಲಿ ಅವಕಾಶವೆಂದು ಸಾರಿದರು. ಆರಂಭದಲ್ಲಿ ನಿಗದಿಯಾದ ಮೊತ್ತ ತಿಂಗಳಿಗೆ 5000 ರೂಪಾಯಿ. ಅದರಲ್ಲಿ ಸರಕಾರದ ಪಾಲು 4500, ಕಂಪನಿಯ ಪಾಲು 500! ದೇಶದ ಅತಿ ದೊಡ್ಡ ಕಂಪನಿಗಳ ಮೇಲೆ ಹೊರಿಸಿದ ಭಾರ ಇಷ್ಟು. ಮೊದಲ ಸುತ್ತಿನಲ್ಲಿ ಒಂದು ಲಕ್ಷಕ್ಕೂ ಮೀರಿದ ಸ್ಥಾನಗಳನ್ನು ತೋರಿಸಿದರು. ಬಂದು ಸೇರಿದವರು ಹತ್ತು ಸಾವಿರದ ಒಳಗೆ. ಹುಡುಗರಿಗೆ ಮನಸ್ಸಿಲ್ಲ ಎಂದು ಮತ್ತೆ ಹೇಳುವರೇನೋ! ಮುಂಬಯಿಯಂಥ ಊರಿನಲ್ಲಿ 5000 ರೂಪಾಯಿಯಲ್ಲಿ ತಲೆ ಊರುವ ಜಾಗ ಹುಡುಕಿ, ಎರಡು ಹೊತ್ತು ಉಂಡು, ರೈಲಿನಲ್ಲಿ ಓಡಾಡಿ ತೋರಿಸಿದ ಮೇಲೆ ಅವರು ಆ ಮಾತು ಆಡಲಿ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಸಾಲದು.

ಕಾಯಿದೆಯಲ್ಲೇ ಇರುವ ಕಿಂಡಿ

ಮಾಲಿಕನಿಗೆ ಹೊಣೆಯಿಲ್ಲದಿರುವುದು ಇಂದಿನ ಯೋಜನೆಗಳ ಹೊಸ ದೋಷವಲ್ಲ. ಅದರ ಬೇರು ಹಳೆಯದು. 1961ರ ಅಪ್ರೆಂಟಿಸ್ ಕಾಯಿದೆಯ 18ನೆಯ ಕಲಮು ಅಪ್ರೆಂಟಿಸನು ಕಾರ್ಮಿಕನಲ್ಲ, ಕಲಿಯುವವನು ಎನ್ನುತ್ತದೆ. ಸುರಕ್ಷತೆ, ಗಾಯಗೊಂಡಾಗ ಪರಿಹಾರ ಮುಂತಾದ ಕೆಲವನ್ನು ಬಿಟ್ಟರೆ ಕಾರ್ಮಿಕ ಕಾನೂನುಗಳ ಆಸರೆ ಅವನಿಗಿಲ್ಲ. 22ನೆಯ ಕಲಮಿನ ಮೂಲಪಾಠ ಇನ್ನೂ ಸ್ಪಷ್ಟ: ತರಬೇತಿ ಮುಗಿಸಿದವನಿಗೆ ಕೆಲಸ ಕೊಡುವ ಕಡ್ಡಾಯ ಮಾಲಿಕನಿಗೆ ಇಲ್ಲ. 2014ರ ತಿದ್ದುಪಡಿಯಲ್ಲಿ ಈ ಮಾತನ್ನು ತೆಗೆದು, ಪ್ರತಿಯೊಬ್ಬ ಮಾಲಿಕನೂ ತನ್ನದೇ ನೇಮಕಾತಿಯ ನೀತಿ ಮಾಡಿಕೊಳ್ಳಬೇಕು ಎಂದು ಬರೆದರು. ನೀತಿ ಮಾಡಿಕೊಳ್ಳುವವನು ಯಾರು? ಮಾಲಿಕನೇ. ಅದರಲ್ಲಿ ಯಾರನ್ನೂ ತೆಗೆದುಕೊಳ್ಳುವುದಿಲ್ಲವೆಂದು ಬರೆದುಕೊಂಡರೆ ತಡೆಯುವವರು ಯಾರು?

ಇದೇ ಕಾಯಿದೆಯಡಿ 30 ಮತ್ತು ಅದಕ್ಕೂ ಹೆಚ್ಚು ಮಂದಿ ದುಡಿಯುವ ಸಂಸ್ಥೆ ತನ್ನ ಬಲದ ಶೇಕಡಾ ಎರಡೂವರೆಯಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು 2019ರಲ್ಲಿ ನಿಯಮವಾಯಿತು. ಕನಿಷ್ಠ ವೇತನವನ್ನು ಯೋಗ್ಯತೆಗೆ ತಕ್ಕಂತೆ 5000ದಿಂದ 9000 ರೂಪಾಯಿಯವರೆಗೆ ನಿಗದಿ ಮಾಡಿದರು. 2016ರ ಪ್ರೋತ್ಸಾಹ ಯೋಜನೆಯಲ್ಲಿ ಅದರ ಕಾಲುಭಾಗವನ್ನು, 1500 ರೂಪಾಯಿಯ ಮಿತಿಯೊಳಗೆ, ಸರಕಾರವೇ ಭರಿಸುವುದಾಗಿ ಹೇಳಿತು. ಹೀಗೆ ಕಡಿಮೆ ಕೂಲಿಯ ಕೈಗಳು ವರ್ಷವರ್ಷವೂ ಒಳಗೆ ಬರುತ್ತವೆ. ವರ್ಷ ತುಂಬಿದೊಡನೆ ಹೊರಗೆ ಹೋಗುತ್ತವೆ. ಅದೇ ಯಂತ್ರದ ಮುಂದೆ ಹೊಸ ಅಪ್ರೆಂಟಿಸ್ ನಿಲ್ಲುತ್ತಾನೆ. ಖಾಯಂ ಕಾರ್ಮಿಕನ ಜಾಗ ಮಾತ್ರ ತುಂಬುವುದೇ ಇಲ್ಲ. ಇತರ ಯೋಗ್ಯತೆ ಸಮಾನವಾಗಿರುವಾಗ, ತರಬೇತಿ ಮುಗಿಸಿದ ಅಪ್ರೆಂಟಿಸನಿಗೆ ಹೊರಗಿನಿಂದ ಬಂದವನಿಗಿಂತ ಪ್ರಾಶಸ್ತ್ಯ ಸಿಗಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ಉತ್ತರಪ್ರದೇಶದ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಹೇಳಿತ್ತು. ನೇಮಕಾತಿಯನ್ನೇ ಮಾಡದಿದ್ದರೆ ಪ್ರಾಶಸ್ತ್ಯ ಕೊಡುವುದು ಎಲ್ಲಿ?

ಖಾಯಂ ಕಾರ್ಮಿಕ ಬಂಧುಗಳು ಇದು ಹುಡುಗರ ಪಾಡು, ನಮಗೇನು ಎಂದು ಕೈಕಟ್ಟಿ ಕೂರಬಾರದು. ಇಂದು ಅರ್ಧ ಕೂಲಿಗೆ ನಿಮ್ಮ ಪಕ್ಕದಲ್ಲಿ ನಿಂತ ಹುಡುಗನನ್ನು ತೋರಿಸಿಯೇ ನಾಳೆ ನಿಮ್ಮ ಕೂಲಿಯ ಮಾತು ಮುರಿಯುತ್ತಾರೆ.

ಗಿರಣಿಗಳು ಕಲಿಸಿದ ಪಾಠ

ಮುಂಬಯಿಯ ದುಡಿಯುವ ಜನಕ್ಕೆ ಈ ಆಟ ಹೊಸದಲ್ಲ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಮುಷ್ಕರ ಹೂಡಿದ್ದು, ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದು ನಮ್ಮ ಹಿರಿಯರು ಕಣ್ಣಾರೆ ಕಂಡ ಸಂಗತಿ. ಮುಚ್ಚಿದ ಗಿರಣಿಗಳ ಕಾಮಗಾರರಿಗೆಂದು ಕೇಂದ್ರ ಸರಕಾರ 1986ರಲ್ಲಿ ಪುನರ್ವಸತಿ ನಿಧಿಯೊಂದನ್ನು ತಂದಿತು. ಮೊದಲ ವರ್ಷ ಪಗಾರದ ಶೇಕಡಾ 75, ಎರಡನೆಯ ವರ್ಷ 50, ಮೂರನೆಯ ವರ್ಷ 25, ಆಮೇಲೆ ಸೊನ್ನೆ. ಅಷ್ಟರೊಳಗೆ ಬೇರೆ ಕಡೆ ನೆಲೆ ಕಂಡುಕೊಳ್ಳಲಿ ಎಂಬುದು ಉದ್ದೇಶ.

ನೆಲೆ ಎಲ್ಲಿತ್ತು? ನೂಲು ಹಿಡಿದು ಬೆರಳು ಸವೆಸಿದವನು ನಲವತ್ತೈದನೆಯ ವಯಸ್ಸಿಗೆ ಯಾವ ಬಾಗಿಲು ತಟ್ಟಬೇಕಿತ್ತು? ಗಿರಣಿಯ ಭೂಮಿಯಲ್ಲಿ ಮಾಲುಗಳೂ ಗೋಪುರಗಳೂ ಎದ್ದವು. ತಂದೆ ಮಗ್ಗ ನಡೆಸಿದ ಜಾಗದಲ್ಲಿ ಮಗ ಬಾಗಿಲು ಕಾಯುವವನಾದ. ಪರಿಹಾರದ ಹಣ ಇಳಿಯುವ ಲೆಕ್ಕ ಮಾತ್ರ ಪಕ್ಕಾ ಇತ್ತು. ಕೆಲಸ ಏರುವ ಲೆಕ್ಕವನ್ನು ಯಾರೂ ಬರೆದಿರಲಿಲ್ಲ. ಇಂದಿನ ಯುವನಿಧಿಯ ಎರಡು ವರ್ಷಕ್ಕೂ, ಇಲ್ಲಿನ ತರಬೇತಿಯ ಹನ್ನೊಂದು ತಿಂಗಳಿಗೂ ಅದೇ ರೋಗ. ತಾರೀಖು ಮುಗಿದಾಗ ಹಣ ನಿಲ್ಲುತ್ತದೆ. ಆ ತಾರೀಖಿನಂದು ಕೆಲಸ ಸಿಕ್ಕಿರುತ್ತದೆಯೇ ಎಂಬುದರ ಹೊಣೆ ಯಾರದ್ದೂ ಅಲ್ಲ.

ಎರಡು ರಾಜ್ಯಗಳ ನಡುವಿನ ಹುಡುಗ

ನಮ್ಮವರಿಗೆ ಇನ್ನೊಂದು ಸಂಕಟ ಬೇರೆ. ಕಾರ್ಕಳದಿಂದಲೋ ಕುಂದಾಪುರದಿಂದಲೋ ವಿಜಾಪುರದಿಂದಲೋ ಹತ್ತನೆಯ ತರಗತಿ ಮುಗಿಸಿ ಮುಂಬಯಿಗೆ ಬಂದ ಹುಡುಗನನ್ನು ನೆನೆಯಿರಿ. ಹಗಲು ದುಡಿದು, ರಾತ್ರಿ ಕಲಿತು, ಆರೇಳು ವರ್ಷದಲ್ಲಿ ಪದವಿ ಗಳಿಸಿದ್ದಾನೆ. ಕರ್ನಾಟಕದ ಭತ್ಯೆ ಕರ್ನಾಟಕದಲ್ಲಿ ನೆಲೆಸಿದವರಿಗೆ. ಇವನು ಊರು ಬಿಟ್ಟವನು. ಮಹಾರಾಷ್ಟ್ರದ ತರಬೇತಿ ಮಹಾರಾಷ್ಟ್ರದ ಅಧಿವಾಸಿಗಳಿಗೆ. ಅಧಿವಾಸದ ದಾಖಲೆಗೆ ಸಾಮಾನ್ಯವಾಗಿ 15 ವರ್ಷದ ವಾಸ ತೋರಿಸಬೇಕು. ಮಾಲಿಕನ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗಿದವನು ಯಾವ ಬಾಡಿಗೆ ಚೀಟಿ ತಂದು ವಾಸ ತೋರಿಸಿಯಾನು? ಅತ್ತ ದರಿ, ಇತ್ತ ಪುಲಿ. ಎರಡೂ ರಾಜ್ಯಗಳಿಗೆ ದುಡಿದುಕೊಟ್ಟವನು ಎರಡರ ಲೆಕ್ಕದಲ್ಲೂ ಇಲ್ಲ.

ಗಡಿಯ ವಿಷಯ ಬಂದಾಗ ಎರಡೂ ಕಡೆಯ ಮುಖಂಡರಿಗೆ ಆವೇಶ ಬರುತ್ತದೆ. ಗಡಿ ದಾಟಿ ದುಡಿಯುವ ಹುಡುಗನ ಅನ್ನದ ವಿಷಯಕ್ಕೆ ಎರಡು ಸರಕಾರಗಳ ಅಧಿಕಾರಿಗಳು ಒಂದು ಮೇಜಿನ ಸುತ್ತ ಕುಳಿತು ಒಂದು ಕಾಗದಕ್ಕೆ ಸಹಿ ಹಾಕಲಾರರೇ?

ನಮ್ಮವರ ಮನೆಯ ಮಾತು

ಸರಕಾರವನ್ನು ಬೈದು ಕೈತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ಮುಂಬಯಿ ಕನ್ನಡಿಗರಿಗೆ ಹೆಮ್ಮೆಪಡುವಂಥ ಒಂದು ಪರಂಪರೆಯಿದೆ. ತಟ್ಟೆ ತೊಳೆದ ಹುಡುಗರು ರಾತ್ರಿಶಾಲೆಯಲ್ಲಿ ಕಲಿತು ಗುಮಾಸ್ತರಾದರು, ಬ್ಯಾಂಕು ಸೇರಿದರು, ವಕೀಲರಾದರು. ಆ ಶಾಲೆಗಳು ಭಿಕ್ಷೆ ಹಾಕಲಿಲ್ಲ. ಹೊಟ್ಟೆಗೆ ಕೆಲಸ, ತಲೆಗೆ ವಿದ್ಯೆ, ಎರಡನ್ನೂ ಒಟ್ಟಿಗೆ ಕೊಟ್ಟವು. ಕಲಿತು ಹೊರಬಂದವನಿಗೆ ಆಚೆ ಒಂದು ಬಾಗಿಲೂ ತೆರೆದಿತ್ತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು ಹಲವರಿಗೆ ಅಂಥ ಬಾಗಿಲಾಗಿದ್ದವು. ಅವುಗಳಲ್ಲಿ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಆ ಬಾಗಿಲು ಹೋಯಿತೆಂದು ಕೊರಗುವುದರಿಂದ ಫಲವಿಲ್ಲ. ಹೊಸ ಬಾಗಿಲು ಎಲ್ಲಿ ತೆರೆದೆವು ಎಂಬುದು ಪ್ರಶ್ನೆ.

ವರ್ಷಕ್ಕೊಮ್ಮೆ ಸಭಾಗೃಹ ಹಿಡಿದು, ಬಡ ಮಕ್ಕಳನ್ನು ಸಾಲಾಗಿ ವೇದಿಕೆಗೆ ಕರೆದು, ಲಕೋಟೆ ಕೊಟ್ಟು ಫೋಟೋ ತೆಗೆಸುವುದೇ ನಮ್ಮಲ್ಲಿ ಸಮಾಜಸೇವೆ ಎನಿಸಿಕೊಂಡಿದೆ. ಲಕೋಟೆಗಿಂತ ಶಾಲು ಹಾರಕ್ಕೆ ಹೆಚ್ಚು ಖರ್ಚಾದ ಸಭೆಗಳನ್ನು ನಾವು ಬಲ್ಲೆವು. ಅದೇ ವೇದಿಕೆಯಲ್ಲಿ ಯುವಕರ ಭವಿಷ್ಯದ ಮೇಲೆ ಭಾಷಣ ಮಾಡುವ ಕೆಲವು ಮಹನೀಯರ ಹೊಟೇಲಿನ ಅಡುಗೆಮನೆಯಲ್ಲಿ ಆರು ವರ್ಷದಿಂದ ಕಾವಲಿಯ ಮುಂದೆ ಬೇಯುವ ಹುಡುಗನಿಗೆ ನೇಮಕದ ಪತ್ರವಿಲ್ಲ, ಪ್ರಾವಿಡೆಂಟ್ ಫಂಡಿಲ್ಲ, ರಾತ್ರಿ ತರಗತಿಗೆ ಹೋಗಲು ಬಿಡುವಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ಹೊಟೇಲಿನ ಕೆಲಸ ಕೀಳಲ್ಲ. ಅದು ಒಂದು ಕಸುಬು. ಅಡುಗೆ, ಬೇಕರಿ, ಬಡಿಸುವ ಕೆಲಸ ಇವೆಲ್ಲ ಅಪ್ರೆಂಟಿಸ್ ಕಾಯಿದೆ ಒಪ್ಪಿದ ಕಸುಬುಗಳೇ. ಮೂವತ್ತು ಮಂದಿಯಿರುವ ಹೊಟೇಲಿಗೆ ಕಡ್ಡಾಯ. ನಾಲ್ಕರಿಂದ ಇಪ್ಪತ್ತೊಂಬತ್ತು ಮಂದಿಯಿದ್ದರೆ ಮನಸ್ಸಿದ್ದಂತೆ. ಈಗಾಗಲೇ ಕೆಲಸ ಬಲ್ಲವನ ಕೈಗುಣವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಸರಕಾರದ ಕೌಶಲ ಯೋಜನೆಯಲ್ಲಿ ಉಂಟು. ದೋಸೆ ಹುಯ್ಯುವ ಹುಡುಗನಿಗೆ ಅಂಥ ಒಂದು ಕಾಗದ ಸಿಕ್ಕರೆ ಅವನು ನಾಳೆ ದೊಡ್ಡ ಹೊಟೇಲಿನ, ಆಸ್ಪತ್ರೆಯ, ಕಂಪನಿ ಕ್ಯಾಂಟೀನಿನ ಬಾಗಿಲನ್ನು ತಲೆಯೆತ್ತಿ ತಟ್ಟಬಹುದು. ಆ ಭಯದಿಂದಲೇ ಕೆಲವು ಮಾಲಿಕರು ಈ ಸುದ್ದಿಯನ್ನು ಹುಡುಗರ ಕಿವಿಗೆ ಬೀಳಗೊಡುವುದಿಲ್ಲವೆಂದು ನಮ್ಮ ಶಂಕೆ. ಶಂಕೆ ಸುಳ್ಳಾಗಿದ್ದರೆ ತಮ್ಮ ಹುಡುಗರನ್ನು ಪರೀಕ್ಷೆಗೆ ಕಳುಹಿಸಿ ಅದನ್ನು ಸುಳ್ಳಾಗಿಸಲಿ. ನಾವೇ ಮೊದಲು ಚಪ್ಪಾಳೆ ತಟ್ಟುತ್ತೇವೆ.

ನಮ್ಮ ಬೇಡಿಕೆಗಳು

ಒಂದು: ತರಬೇತಿಗೆ ಸೇರಿದ ದಿನವೇ ಭತ್ಯೆ ಕಡಿಯಬಾರದು. ಕನಿಷ್ಠ ಮೂರು ತಿಂಗಳು, ಕಲಿಯುವವನು ಹೊಸ ಊರಿನಲ್ಲಿ ಕಾಲೂರುವವರೆಗೆ, ಅದು ಮುಂದುವರಿಯಬೇಕು. ಸುಮ್ಮನಿದ್ದವನಿಗಿಂತ ಹೊರಟವನಿಗೆ ಹೆಚ್ಚು ಸಿಗಬೇಕು, ಕಡಿಮೆಯಲ್ಲ.

ಎರಡು: ಸರಕಾರದ ಹಣದಲ್ಲಿ ತರಬೇತಿ ಕೊಡುವ ಯಾವ ಕಚೇರಿಯೂ ಕಾರಖಾನೆಯೂ, ತರಬೇತಾದವರಲ್ಲಿ ಅರ್ಧದಷ್ಟು ಮಂದಿಯನ್ನಾದರೂ ಖಾಯಂ ಕೆಲಸಕ್ಕೆ ತೆಗೆದುಕೊಳ್ಳಬೇಕು. ತೆಗೆದುಕೊಳ್ಳದವನಿಗೆ ಮುಂದಿನ ವರ್ಷ ಒಬ್ಬ ಹುಡುಗನನ್ನೂ ಕೊಡಬಾರದು. 22ನೆಯ ಕಲಮಿಗೆ ಈ ಹಲ್ಲು ಬರಬೇಕು.

ಮೂರು: ಪ್ರತಿಯೊಂದು ಯೋಜನೆಯ ಲೆಕ್ಕವನ್ನೂ, ಎಷ್ಟು ಮಂದಿಗೆ ಹಣ ಹಂಚಿದೆವು ಎಂದಲ್ಲ, ವರ್ಷದ ನಂತರ ಎಷ್ಟು ಮಂದಿ ಪಗಾರದ ಕೆಲಸದಲ್ಲಿದ್ದಾರೆ ಎಂದು ಪ್ರಕಟಿಸಬೇಕು.

ನಾಲ್ಕು: ಹೊರರಾಜ್ಯದಿಂದ ಬಂದು ದುಡಿದು ಕಲಿತ ತರುಣನಿಗೆ ಎರಡರಲ್ಲೊಂದು ರಾಜ್ಯ ಹೊಣೆಯಾಗಬೇಕು. ಪ್ರಾವಿಡೆಂಟ್ ಫಂಡಿನ ಚೀಟಿಯನ್ನೋ ರಾತ್ರಿಶಾಲೆಯ ದಾಖಲೆಯನ್ನೋ ವಾಸದ ಸಾಕ್ಷಿಯೆಂದು ಒಪ್ಪಬೇಕು.

ಐದು: ಇದು ನಮಗೆ ನಾವೇ ಹಾಕಿಕೊಳ್ಳುವ ಬೇಡಿಕೆ. ಪ್ರತಿಯೊಂದು ಕನ್ನಡ ಸಂಸ್ಥೆಯೂ ವರ್ಷದ ಒಂದು ಸನ್ಮಾನವನ್ನು ಬಿಟ್ಟು ಆ ಹಣವನ್ನು ರಾತ್ರಿ ತರಗತಿಗೆ ಕೊಡಲಿ. ಅಲ್ಲಿ ಪುಸ್ತಕದ ಜೊತೆಗೆ ವಿದ್ಯುತ್ ಕೆಲಸ, ಲೆಕ್ಕಪತ್ರ, ಕಂಪ್ಯೂಟರು, ಅಡುಗೆಯ ಕಸುಬು ಕಲಿಸುವ ಏರ್ಪಾಡಾಗಲಿ. ಹೊಟೇಲಿನ ಮಾಲಿಕರು ವಾರಕ್ಕೆ ನಾಲ್ಕು ಸಂಜೆ ಹುಡುಗರಿಗೆ ಬಿಡುವು ಕೊಡಲಿ.

ಭತ್ಯೆ ಬೇಡವೆಂದು ನಮ್ಮ ತರುಣರು ಹೇಳುತ್ತಿಲ್ಲ. ಭತ್ಯೆಯೇ ಬದುಕಾಗಲಿ ಎಂದೂ ಕೇಳುತ್ತಿಲ್ಲ. ಅವರು ಕೇಳುವುದು ಕೈಗೆ ಕಸುಬು, ಕಸುಬಿಗೆ ಕೂಲಿ. ಅದನ್ನು ಕೊಡಿಸುವ ಶಕ್ತಿ ಭಾಷಣಗಳಿಗಿಲ್ಲ, ಒಗ್ಗಟ್ಟಿಗಿದೆ. ಖಾಯಂ ಕಾರ್ಮಿಕರೂ, ಅಪ್ರೆಂಟಿಸರೂ, ಕೆಲಸವಿಲ್ಲದವರೂ ಬೇರೆ ಬೇರೆ ನಿಂತರೆ ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಹೆದರಿಸುವುದು ಸುಲಭ. ಒಂದೇ ಸಾಲಿನಲ್ಲಿ ನಿಂತರೆ ಷರತ್ತು ಹಾಕುವವರು ನಾವಾಗುತ್ತೇವೆ. ನಮ್ಮ ಸಂಘದ ಬಾಗಿಲು ತೆರೆದಿದೆ. ಸಂಜೆ ಕೆಲಸ ಬಿಟ್ಟ ಮೇಲೆ ಬನ್ನಿರಿ. ನಿಮ್ಮ ಚಾಳಿನ, ನಿಮ್ಮ ಹೊಟೇಲಿನ, ಕೆಲಸ ಹುಡುಕುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆತನ್ನಿರಿ. ಅರ್ಜಿ ಬರೆಯುವುದರಿಂದಲೇ ಆರಂಭಿಸೋಣ.